ದುಡಿಮೆಯ ಸಮಾನತೆ ಮತ್ತು ಮನೆಯ ಲೆಕ್ಕ: 1991ರ ನಂತರದ ರಷ್ಯಾ, ಬೆಂಗಳೂರು ಮತ್ತು ಕನ್ನಡ ಕಥನ

ಸ್ತ್ರೀ ಸಮಾನತೆಯ ಪ್ರಶ್ನೆಯನ್ನು ಕನ್ನಡ ವಿಮರ್ಶೆಯು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಚರ್ಚಿಸುತ್ತ ಬಂದಿದೆ. ಆರ್ಥಿಕ ಸ್ವಾವಲಂಬನೆಯೇ ಹೆಣ್ಣಿನ ಬಿಡುಗಡೆಗೆ ತಳಹದಿ ಎಂಬುದು ಮೊದಲನೆಯ ನೆಲೆ. ಪ್ರಗತಿಶೀಲರ ಕಾಲದಿಂದ ಬಂಡಾಯದವರೆಗೆ ಇದಕ್ಕೆ ಗಟ್ಟಿಯಾದ ಸಮರ್ಥನೆ ದೊರೆತಿದೆ. ಅಡುಗೆಮನೆ, ಹಿತ್ತಿಲು, ಬಾಣಂತಿಕೋಣೆಗಳ ಅನುಭವಲೋಕಕ್ಕೆ ಸಾಹಿತ್ಯದಲ್ಲಿ ಸಲ್ಲಬೇಕಾದ ಮನ್ನಣೆಯನ್ನು ಕೇಳುವುದು ಎರಡನೆಯ ನೆಲೆ. ವೈದೇಹಿಯವರ ಕಥೆಗಳನ್ನು ಕುರಿತ ಚರ್ಚೆಯಲ್ಲಿ ಈ ನೆಲೆ ಹೆಚ್ಚು ಸ್ಪಷ್ಟವಾಗಿ ಮೂಡಿದೆ. ಎರಡೂ ನೆಲೆಗಳು ಕನ್ನಡದ ಓದನ್ನು ಬೆಳೆಸಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡರ ನಡುವೆ ಒಂದು ಪ್ರಶ್ನೆ ಉತ್ತರ ಕಾಣದೆ ಉಳಿದಿದೆ: ಹೆಣ್ಣು ಹೊರಗಿನ ದುಡಿಮೆಗೆ ಹೊರಟ ಮೇಲೆ ಅವಳು ಬಿಟ್ಟುಹೋದ ಮನೆಗೆಲಸ ಯಾರ ಪಾಲಿಗೆ ಬಂತು? ಆ ಕೆಲಸಕ್ಕೆ ಬೇಕಾದ ಹೊತ್ತನ್ನು ಯಾರು ತೆತ್ತರು?

ಈ ಪ್ರಶ್ನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಸಮಾಜ ರಷ್ಯಾ. ಹೆಣ್ಣನ್ನು ದುಡಿಮೆಗೆ ತಂದ ಪ್ರಭುತ್ವವೇ 1991ರ ಡಿಸೆಂಬರಿನಲ್ಲಿ ಅಲ್ಲಿ ಇಲ್ಲವಾಯಿತು. ಅದೇ ವರ್ಷದ ಜುಲೈಯಲ್ಲಿ ಭಾರತದ ಅರ್ಥನೀತಿ ಉದಾರೀಕರಣದ ಕಡೆಗೆ ತಿರುಗಿತು. ಸಾರ್ವಜನಿಕ ಉದ್ಯಮಗಳ ನಗರವಾಗಿ ಬೆಳೆದಿದ್ದ ಬೆಂಗಳೂರಿನ ಸ್ವರೂಪ ಬದಲಾಗತೊಡಗಿತು. ಎರಡು ಘಟನೆಗಳನ್ನು ಸಮೀಕರಿಸುವುದು ಸರಿಯಲ್ಲ. ಒಂದೆಡೆ ವ್ಯವಸ್ಥೆಯೇ ಕುಸಿಯಿತು, ಇನ್ನೊಂದೆಡೆ ನೀತಿ ಹೊರಳಿತು. ಹೀಗಿದ್ದರೂ ಹೆಣ್ಣಿನ ದುಡಿಮೆ, ಮನೆ ಮತ್ತು ಸಮಾನತೆಗಳ ಸಂಬಂಧವನ್ನು ಎರಡೂ ಕಡೆಯ ಬರಹಗಾರರು ದಾಖಲಿಸಿರುವ ರೀತಿಯನ್ನು ಜೊತೆಯಲ್ಲಿಟ್ಟು ಓದಿದಾಗ ಕನ್ನಡದ ಕೆಲವು ಕೃತಿಗಳು ಬೇರೆಯಾಗಿಯೇ ಕಾಣುತ್ತವೆ.

ಮೇಲಿನಿಂದ ಬಂದ ಸಮಾನತೆ

1917ರ ಮಾರ್ಚ್ 8ರಂದು ಪೆಟ್ರೊಗ್ರಾಡಿನ ಜವಳಿ ಕಾರ್ಖಾನೆಗಳ ಮಹಿಳೆಯರು ಮುಷ್ಕರ ಹೂಡಿದರು. ಅದು ರಷ್ಯಾದ ಚಕ್ರಾಧಿಪತ್ಯವನ್ನು ಕೆಡವಿದ ಕ್ರಾಂತಿಯ ಆರಂಭವಾಯಿತು. ಅದೇ ವರ್ಷ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. 1918ರ ಕುಟುಂಬ ಸಂಹಿತೆ ವಿವಾಹವನ್ನು ಚರ್ಚಿನ ಹಿಡಿತದಿಂದ ಬಿಡಿಸಿ ವಿಚ್ಛೇದನವನ್ನು ಸುಲಭಗೊಳಿಸಿತು. 1919ರಲ್ಲಿ ಪಕ್ಷದೊಳಗೆ ಪ್ರತ್ಯೇಕ ಮಹಿಳಾ ವಿಭಾಗ ಆರಂಭವಾಯಿತು. ಅಲೆಕ್ಸಾಂಡ್ರಾ ಕೊಲ್ಲೊಂತಾಯ್ ಅದರ ಪ್ರಮುಖ ನಾಯಕಿಯರಲ್ಲಿ ಒಬ್ಬರು. ಸಾರ್ವಜನಿಕ ಭೋಜನಾಲಯ, ಬಟ್ಟೆ ಒಗೆಯುವ ಕೇಂದ್ರ, ಶಿಶುವಿಹಾರಗಳ ಮೂಲಕ ಮನೆಗೆಲಸವನ್ನು ಸಮಾಜವೇ ವಹಿಸಿಕೊಳ್ಳಬೇಕೆಂಬುದು ಆ ಕಾಲದ ಆಶಯವಾಗಿತ್ತು. 1930ರಲ್ಲಿ ಮಹಿಳಾ ಪ್ರಶ್ನೆ ಬಗೆಹರಿದಿದೆ ಎಂಬ ನೆಪದಲ್ಲಿ ಆ ವಿಭಾಗವನ್ನು ಮುಚ್ಚಲಾಯಿತು. 1920ರಲ್ಲಿ ಕಾನೂನುಬದ್ಧವಾಗಿದ್ದ ಗರ್ಭಪಾತವನ್ನು 1936ರಲ್ಲಿ ನಿಷೇಧಿಸಿ 1955ರಲ್ಲಿ ಮತ್ತೆ ಅನುಮತಿಸಲಾಯಿತು. 1970ರ ಹೊತ್ತಿಗೆ ಅಲ್ಲಿನ ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರೇ ಆಗಿದ್ದರು. ಶಿಶುವಿಹಾರಗಳು ವ್ಯಾಪಕವಾಗಿ ಬಂದವು. ಆದರೆ ಒಲೆ, ಬಟ್ಟೆ, ಅಂಗಡಿಯ ಮುಂದಿನ ಸಾಲು ಹೆಣ್ಣಿಗೇ ಉಳಿದವು.

ಈ ಸಮಾಜದ ಚಿತ್ರ ಕನ್ನಡಕ್ಕೆ ಬಂದ ದಾರಿ ಮುಖ್ಯವಾಗಿ ಸಾಹಿತ್ಯದ್ದು. ಮಕ್ಸಿಮ್ ಗೋರ್ಕಿಯ ಕಾದಂಬರಿಯನ್ನು ನಿರಂಜನರು 'ತಾಯಿ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುತ್ತಿದ್ದವು. ಗೋರ್ಕಿಯ ಕಾದಂಬರಿ ಕ್ರಾಂತಿಗೆ ಮುಂಚಿನದು. ಅದರ ನಾಯಕಿ ನಿಲೋವ್ನಾ ಕಾರ್ಖಾನೆಯೊಳಕ್ಕೆ ಕರಪತ್ರಗಳನ್ನು ಸಾಗಿಸುವುದು ಊಟ ಮಾರುವ ಹೆಂಗಸಿನ ನೆಪದಲ್ಲಿ. ಅಡುಗೆ ಎಂಬ ಯಾರ ಗಮನಕ್ಕೂ ಬಾರದ ಕೆಲಸವೇ ಇಲ್ಲಿ ರಾಜಕೀಯಕ್ಕೆ ಮರೆಯಾಗಿ ಒದಗುತ್ತದೆ. ಕನ್ನಡದ ಪ್ರಗತಿಶೀಲ ಓದು ಕರಪತ್ರವನ್ನು ಗಮನಿಸಿತು. ಊಟದ ಬುಟ್ಟಿಯನ್ನು ಹೆಚ್ಚು ಗಮನಿಸಲಿಲ್ಲ. ಕ್ರಾಂತಿಯ ನಂತರದ ಸಮಾಜ ಬಗೆಹರಿಸದೆ ಬಿಟ್ಟದ್ದು ಆ ಬುಟ್ಟಿಯ ಪ್ರಶ್ನೆಯನ್ನೇ.

ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ಇದೇ ಪರಂಪರೆಯೊಳಗಿನಿಂದ ಬೇರೊಂದು ಮಾತನ್ನು ಎತ್ತಿದರು ಎಂಬುದು ಗಮನಾರ್ಹ. ಅವರ 'ಮಾಧವಿ' ಕಾದಂಬರಿಯಲ್ಲಿ ಯಯಾತಿಯ ಮಗಳು ಗಾಲವನ ಗುರುದಕ್ಷಿಣೆಯ ಕುದುರೆಗಳಿಗಾಗಿ ಒಬ್ಬ ರಾಜನಿಂದ ಮತ್ತೊಬ್ಬನಿಗೆ ಸಾಗುತ್ತಾಳೆ. ತಂದೆಯ ದಾನ, ಶಿಷ್ಯನ ಋಣ, ರಾಜರ ವಂಶ ಇವೆಲ್ಲವೂ ಅವಳ ಹೆರುವ ಶಕ್ತಿಯಿಂದಲೇ ನಡೆಯುತ್ತವೆ. ಆ ಲೆಕ್ಕದಲ್ಲಿ ಅವಳ ಹೆಸರಿಗೆ ಮಾತ್ರ ಜಮೆ ಇಲ್ಲ. ಸಂಬಳದ ದುಡಿಮೆಯಾಚೆಗಿನ ಹೆಣ್ಣಿನ ದುಡಿಮೆಯನ್ನು ಪುರಾಣದ ಮೂಲಕ ಲೆಕ್ಕಕ್ಕೆ ತಂದ ಕೃತಿ ಇದು. ಅನುಪಮಾ 1991ರ ಫೆಬ್ರವರಿಯಲ್ಲಿ, ನಿರಂಜನ 1992ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ಆಸ್ಥೆಯಿಂದ ನೋಡಿದ್ದ ಸೋವಿಯತ್ ಒಕ್ಕೂಟ ಈ ಎರಡು ಸಾವುಗಳ ನಡುವಿನ ಅವಧಿಯಲ್ಲಿ ಚರಿತ್ರೆಗೆ ಸೇರಿತು.

ಪ್ರಶ್ನಾವಳಿಯ ಮುಂದೆ ದುಡಿಯುವ ಹೆಣ್ಣು

1969ರ ನವೆಂಬರಿನಲ್ಲಿ 'ನೋವಿ ಮೀರ್' ಪತ್ರಿಕೆಯಲ್ಲಿ ನತಾಲ್ಯಾ ಬರಾನ್‌ಸ್ಕಯಾ ಅವರ ನೀಳ್ಗತೆಯೊಂದು ಪ್ರಕಟವಾಯಿತು. ಎಲ್ಲ ವಾರಗಳಂತೆಯೇ ಇರುವ ಒಂದು ವಾರ ಎಂಬುದು ಅದರ ಶೀರ್ಷಿಕೆಯ ಭಾವ. ಇಪ್ಪತ್ತಾರು ವರ್ಷದ ಓಲ್ಗಾ ಮಾಸ್ಕೋದ ಸಂಶೋಧನಾ ಸಂಸ್ಥೆಯೊಂದರ ಉದ್ಯೋಗಿ, ಇಬ್ಬರು ಮಕ್ಕಳ ತಾಯಿ. ಸೋಮವಾರ ಅವಳ ಕೈಗೆ ಒಂದು ಪ್ರಶ್ನಾವಳಿ ಬರುತ್ತದೆ. ಮನೆಗೆಲಸಕ್ಕೆ ಎಷ್ಟು ಗಂಟೆ, ಮಕ್ಕಳಿಗೆ ಎಷ್ಟು, ವಿರಾಮಕ್ಕೆ ಎಷ್ಟು ಎಂದು ಅದು ಕೇಳುತ್ತದೆ. ವಾರವಿಡೀ ಓಡುವ ಅವಳಿಗೆ ಆ ಲೆಕ್ಕ ತುಂಬಿಕೊಡಲೂ ಹೊತ್ತು ಸಾಲದು. ಕೊನೆಗೆ ಗಂಡ ಒಂದು ಪರಿಹಾರ ಸೂಚಿಸುತ್ತಾನೆ: ಅವಳು ಕೆಲಸ ಬಿಡಬಹುದು. ಅವನು ಕ್ರೂರಿಯಲ್ಲ, ಹೆಂಡತಿಯನ್ನು ಪ್ರೀತಿಸುವವನೇ. ಆದರೆ ಮನೆಯ ಬೇಸರದ ಕೆಲಸವನ್ನು ಹಂಚಿಕೊಳ್ಳುವ ದಾರಿ ಅವನಿಗೆ ತೋಚುವುದಿಲ್ಲ. ಓಲ್ಗಾ ಆ ಪರಿಹಾರವನ್ನು ಒಪ್ಪುವುದಿಲ್ಲ. ಸಂವಿಧಾನ ಕೊಟ್ಟ ಸಮಾನತೆಯೊಳಗೇ ಉಳಿದ ಅಸಮಾನತೆಯನ್ನು ಈ ಕಥೆ ಘೋಷಣೆಯಿಲ್ಲದೆ ತೋರಿಸುತ್ತದೆ.

ಇದೇ ಕಾಲಘಟ್ಟದಲ್ಲಿ ಕನ್ನಡದಲ್ಲಿ ಬರೆಯತೊಡಗಿದ ವೀಣಾ ಶಾಂತೇಶ್ವರರ ಕಥೆಗಳಲ್ಲಿಯೂ ಓದಿದ, ಸಂಬಳ ತರುವ ಹೆಣ್ಣೇ ಕೇಂದ್ರ. 'ಮುಳ್ಳುಗಳು' ಸಂಕಲನದಿಂದ ಮೊದಲಾಗಿ ಅವರು ಚಿತ್ರಿಸಿದ ಮಹಿಳೆಯರಲ್ಲಿ ಹಲವರು ಕಾಲೇಜು, ಕಚೇರಿಗಳಲ್ಲಿ ದುಡಿಯುವವರು. ದುಡಿಮೆ ಅವರಿಗೆ ಘನತೆ ಕೊಟ್ಟಿದೆ. ಆದರೆ ಮದುವೆ, ಪ್ರೇಮ, ಮನೆತನದ ಮರ್ಯಾದೆಗಳ ವಿಚಾರದಲ್ಲಿ ಆ ಘನತೆಗೆ ಬೆಲೆ ಕಡಿಮೆ. ಬರಾನ್‌ಸ್ಕಯಾ ಹೆಣ್ಣಿನ ಬವಣೆಯನ್ನು ಗಂಟೆಗಳಲ್ಲಿ ಅಳೆದರೆ ವೀಣಾ ಅವರು ಸಂಬಂಧಗಳಲ್ಲಿ ಅಳೆಯುತ್ತಾರೆ. ಈ ವ್ಯತ್ಯಾಸಕ್ಕೆ ಸಾಮಾಜಿಕ ಕಾರಣವಿದೆ. ಅಲ್ಲಿ ಬಹುಪಾಲು ಹೆಂಗಸರು ಉದ್ಯೋಗದಲ್ಲಿದ್ದುದರಿಂದ ಪ್ರಶ್ನೆ ಹೊತ್ತಿನದಾಗಿತ್ತು. ಇಲ್ಲಿ ಉದ್ಯೋಗಸ್ಥ ಹೆಣ್ಣು ಇನ್ನೂ ಅಪರೂಪವಾಗಿದ್ದುದರಿಂದ ಅವಳು ತನ್ನ ಅಸ್ತಿತ್ವಕ್ಕೇ ಸಮರ್ಥನೆ ಕೊಡಬೇಕಾಗಿತ್ತು. ಇದರ ಪರಿಣಾಮವಾಗಿ ಕನ್ನಡ ಕಥನದಲ್ಲಿ ಹೊತ್ತಿನ ಲೆಕ್ಕ ಬಹುಕಾಲ ತೆರೆದುಕೊಳ್ಳಲಿಲ್ಲ. ದುಡಿಯುವ ನಾಯಕಿಯ ಮನೆಯಲ್ಲಿ ಪಾತ್ರೆ ತೊಳೆದವರು ಯಾರು ಎಂಬುದನ್ನು ಓದುಗರೂ ಕೇಳಲಿಲ್ಲ.

ಆಸರೆ ಕುಸಿದ ಮೇಲೆ

ಎಂಬತ್ತರ ದಶಕದ ಕೊನೆಯಲ್ಲಿ ಗೋರ್ಬಚೇವ್ ತಮ್ಮ ಸುಧಾರಣೆಗಳನ್ನು ವಿವರಿಸಿದ 1987ರ ಗ್ರಂಥದಲ್ಲಿ, ಹೆಣ್ಣು ತನ್ನ ಸ್ತ್ರೀಸಹಜ ಕರ್ತವ್ಯಕ್ಕೆ ಮರಳಲು ಅನುವು ಮಾಡಿಕೊಡುವ ಪ್ರಶ್ನೆಯನ್ನು ಎತ್ತಿದರು. ದುಡಿದು ದಣಿದ ಹೆಣ್ಣಿಗೆ ಕೊಟ್ಟ ವಿಶ್ರಾಂತಿಯಂತೆ ಈ ಮಾತು ಕೇಳಿಸಿತು. ಮಾರುಕಟ್ಟೆ ಬಂದಾಗ ಇದೇ ಮಾತು ಉದ್ಯೋಗದಿಂದ ಹೊರಹಾಕುವ ಸಮರ್ಥನೆಯಾಗಿ ಒದಗಿತು. 1989ರ ಜನಪ್ರತಿನಿಧಿ ಮಹಾಸಭೆಯಲ್ಲಿ ಸೋವಿಯತ್ ಮಹಿಳಾ ಸಮಿತಿಗೆ 75 ಸ್ಥಾನಗಳು ಮೀಸಲಾಗಿದ್ದವು. 1990ರ ರಷ್ಯಾದ ಚುನಾವಣೆಯಲ್ಲಿ ಮೀಸಲಾತಿ ಇಲ್ಲವಾದಾಗ ಮಹಿಳೆಯರ ಪಾಲು ಶೇಕಡ 5ರ ಆಸುಪಾಸಿಗೆ ಇಳಿಯಿತು. 1991ರ ಮಾರ್ಚ್‌ನಲ್ಲಿ ದುಬ್ನಾ ನಗರದಲ್ಲಿ ಸೇರಿದ ಮೊದಲ ಸ್ವತಂತ್ರ ಮಹಿಳಾ ವೇದಿಕೆಯು ಹೆಣ್ಣನ್ನು ಕಳೆದು ಉಳಿಯುವುದನ್ನು ಪ್ರಜಾಪ್ರಭುತ್ವ ಎನ್ನಲಾಗದು ಎಂದು ಸಾರಿತು. 1993ರಲ್ಲಿ 'ರಷ್ಯಾದ ಮಹಿಳೆಯರು' ಎಂಬ ಕೂಟ ಶೇಕಡ 8ರಷ್ಟು ಮತ ಪಡೆದು ಸಂಸತ್ತನ್ನು ಪ್ರವೇಶಿಸಿತು. 1995ರಲ್ಲಿ ಶೇಕಡ 5ರ ಮಿತಿಯನ್ನು ದಾಟಲಾರದೆ ಹೊರಗುಳಿಯಿತು. 1993ರ ಸಂವಿಧಾನ ಸ್ತ್ರೀಪುರುಷರಿಗೆ ಸಮಾನ ಹಕ್ಕುಗಳ ಜೊತೆಗೆ ಸಮಾನ ಅವಕಾಶಗಳನ್ನೂ ಘೋಷಿಸಿತು. ಕಾರ್ಖಾನೆಗಳು ನಡೆಸುತ್ತಿದ್ದ ಶಿಶುವಿಹಾರಗಳು ಅದೇ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಮುಚ್ಚುತ್ತಿದ್ದವು.

ಗಂಡಸಿನ ಸ್ಥಿತಿಯೂ ಚದುರಿತು. ಕೆಲಸ ಮತ್ತು ಸ್ಥಾನಮಾನ ಎರಡನ್ನೂ ಕಳೆದುಕೊಂಡ ಪುರುಷರ ಸರಾಸರಿ ಆಯುಸ್ಸು 1994ರಲ್ಲಿ ಸುಮಾರು 58 ವರ್ಷಕ್ಕೆ ಕುಸಿಯಿತು. ನೆರೆದೇಶಗಳಿಂದ ಸರಕು ಹೊತ್ತು ತಂದು ಮಾರುವ ಸಣ್ಣ ವ್ಯಾಪಾರಕ್ಕೆ ಇಳಿದವರಲ್ಲಿ ಶಿಕ್ಷಕಿಯರೂ ಎಂಜಿನಿಯರ್ ಮಹಿಳೆಯರೂ ಇದ್ದರು. 1992ರಲ್ಲಿ ಪ್ರಕಟವಾದ ಲ್ಯುದ್ಮಿಲಾ ಪೆತ್ರುಶೆವ್‌ಸ್ಕಯಾ ಅವರ 'ಸಮಯ: ರಾತ್ರಿ' ಈ ಸಂಧಿಕಾಲದ ಮುಖ್ಯ ಕೃತಿ. ಅದರ ನಿರೂಪಕಿ ಆನ್ನಾ ಅಂದ್ರಿಯಾನೊವ್ನಾ ಬಡ ಕವಯಿತ್ರಿ. ಸೆರೆಮನೆಯಿಂದ ಬಂದ ಮಗ, ಮಕ್ಕಳ ಮೇಲೆ ಮಕ್ಕಳನ್ನು ಹೆರುವ ಮಗಳು, ಆಸ್ಪತ್ರೆಯಲ್ಲಿರುವ ತಾಯಿ, ತನ್ನ ಮಡಿಲಿನ ಮೊಮ್ಮಗ ಎಲ್ಲರ ಹೊರೆಯೂ ಅವಳದೇ. ಎಲ್ಲರೂ ಮಲಗಿದ ಮೇಲೆ ಅವಳಿಗೆ ಬರೆಯಲು ಹೊತ್ತು ಸಿಗುತ್ತದೆ. ಅಜ್ಜಿಯ ಪ್ರೀತಿಯನ್ನು ಲೇಖಕಿ ಎಲ್ಲಿಯೂ ಸಿಹಿಗೊಳಿಸುವುದಿಲ್ಲ. ಆ ಪ್ರೀತಿ ಹಿಡಿದಿಡುತ್ತದೆ, ಹೀಯಾಳಿಸುತ್ತದೆ, ಮಗಳನ್ನು ಹೊರಗಟ್ಟುತ್ತದೆ. ಪ್ರಭುತ್ವ ಹೊರಲಾಗದ ಹೊರೆ ಅಜ್ಜಿಯ ಬೆನ್ನಿಗೆ ಬಂದಾಗ ಹೆಣ್ಣುಹೆಣ್ಣಿನ ಸಂಬಂಧವೇ ವಿಷವಾಗುವ ಬಗೆಯನ್ನು ಈ ಕೃತಿ ಹೇಳುತ್ತದೆ. ಕನ್ನಡದ ಸಂದರ್ಭಕ್ಕೆ ಇದು ಮುಖ್ಯವಾದ ಸೂಚನೆ.

ಕತ್ರಿಗುಪ್ಪೆಯ ಬೀದಿ

ಬೆಂಗಳೂರಿನಲ್ಲಿ ಬದಲಾವಣೆ ಬಂದ ಕ್ರಮ ಬೇರೆ. ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಮೊದಲಾದ ಉದ್ಯಮಗಳು ನಗರದ ಮಧ್ಯಮ ವರ್ಗವನ್ನು ರೂಪಿಸಿದವು. ಗಡಿಯಾರ ಮತ್ತು ದೂರವಾಣಿಯ ಜೋಡಣಾ ವಿಭಾಗಗಳಲ್ಲಿ ಮಹಿಳೆಯರೂ ಕಾಯಂ ನೌಕರಿ ಪಡೆದರು. ತೊಂಬತ್ತರ ನಂತರ ಈ ನೌಕರಿಗಳು ಕ್ಷೀಣಿಸಿ ಎರಡು ಹೊಸ ದುಡಿಮೆಗಳು ಬೆಳೆದವು. ಒಂದು ಮಾಹಿತಿ ತಂತ್ರಜ್ಞಾನದ್ದು, ಇನ್ನೊಂದು ಸಿದ್ಧ ಉಡುಪಿನದು. ಎರಡರಲ್ಲೂ ಹೆಣ್ಣಿಗೆ ಜಾಗವಿತ್ತು. ಉಡುಪಿನ ಕಾರ್ಖಾನೆಗಳಲ್ಲಂತೂ ಅವಳೇ ಬಹುಸಂಖ್ಯಾತಳು.

ದಕ್ಷಿಣ ಬೆಂಗಳೂರಿನ ಕತ್ರಿಗುಪ್ಪೆ ಈ ಬದಲಾವಣೆಯನ್ನು ಒಟ್ಟಿಗೆ ಕಾಣಿಸುವ ನೆಲೆ. ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿದ್ದ ಅದು ಬನಶಂಕರಿ ಮೂರನೆಯ ಹಂತದ ನಿವೇಶನಗಳ ನಡುವೆ ಬೆರೆತುಹೋಗಿದೆ. ಹೊರ ವರ್ತುಲ ರಸ್ತೆ ಅದನ್ನು ಹಾಯ್ದು ಮೈಸೂರು ರಸ್ತೆಯ ಕಡೆಗೂ ಬನಶಂಕರಿಯ ಕಡೆಗೂ ಸಾಗುತ್ತದೆ. ಸಾರ್ವಜನಿಕ ಉದ್ಯಮಗಳ ಮತ್ತು ಬ್ಯಾಂಕುಗಳ ನೌಕರರು ಸಾಲ ಮಾಡಿ ಕಟ್ಟಿದ ಮನೆಗಳು ಇಂಥ ಬಡಾವಣೆಗಳ ಮೊದಲ ಪದರ. ಅವುಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳು ಎರಡನೆಯದು. ಹಳೆಯ ಊರಿನ ಕಿರುಓಣಿಗಳ ಬಾಡಿಗೆ ಮನೆಗಳು ಮೂರನೆಯದು. ಬೆಳಿಗ್ಗೆ ಕಂಪನಿಯ ವಾಹನಕ್ಕೆ ಕಾಯುವ ಎಂಜಿನಿಯರ್ ಹೆಣ್ಣುಮಗಳು, ಗಾರ್ಮೆಂಟ್ಸ್‌ಗೆ ಹೊರಟ ಹೆಂಗಸು, ಅದೇ ಹೊತ್ತಿಗೆ ನಾಲ್ಕು ಮನೆಗಳ ಪಾತ್ರೆ ಬಟ್ಟೆಗೆಂದು ಹೊರಟವಳು ಇಂಥ ಬಡಾವಣೆಯ ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ. ಮೂವರೂ ದುಡಿಯುವ ಮಹಿಳೆಯರೇ. ಆದರೆ ಮೊದಲನೆಯವಳ ಸಮಾನತೆ ಮೂರನೆಯವಳ ಹೊತ್ತಿನ ಮೇಲೆ ನಿಂತಿದೆ. ಮೂರನೆಯವಳ ಮನೆಯ ಕೆಲಸ ಅವಳ ಹಿರಿಯ ಮಗಳ ಪಾಲಿಗೆ ಬರುವುದೂ ಉಂಟು. ರಷ್ಯಾದಲ್ಲಿ ಅಜ್ಜಿ ತುಂಬಿದ ಸ್ಥಾನವನ್ನು ಇಲ್ಲಿ ಅಜ್ಜಿಯೂ ಮನೆಗೆಲಸದವಳೂ ಹಂಚಿಕೊಂಡಿದ್ದಾರೆ.

ಪ್ರಭುತ್ವ ಇದನ್ನು ಅರಿಯಲಿಲ್ಲ ಎನ್ನಲಾಗದು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲಿಯೇ ನಿಗದಿಪಡಿಸಿತು. ಆದರೆ ಪ್ರತಿಯೊಂದು ಮನೆಯೂ ಒಂದು ಕಾರ್ಯಸ್ಥಳವಾಗಿರುವಾಗ ಅದನ್ನು ಜಾರಿಗೊಳಿಸುವ ಮಾರ್ಗ ಸುಲಭವಾಗಿರಲಿಲ್ಲ. ರಾತ್ರಿ ದುಡಿಮೆಯ ಕಾನೂನಿನ ಚರಿತ್ರೆಯೂ ಬೋಧಪ್ರದವಾಗಿದೆ. 1948ರ ಕಾರ್ಖಾನೆ ಕಾಯ್ದೆಯು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರನ್ನು ದುಡಿಸಿಕೊಳ್ಳುವುದನ್ನು ನಿರ್ಬಂಧಿಸಿತ್ತು. ಮಾಹಿತಿ ತಂತ್ರಜ್ಞಾನದ ಅಗತ್ಯ ಬಂದಾಗ ಕರ್ನಾಟಕ ಆ ಕ್ಷೇತ್ರಕ್ಕೆ ವಿನಾಯಿತಿ ಕೊಟ್ಟಿತು. 2019ರಲ್ಲಿ ಕಾರ್ಖಾನೆಗಳಿಗೂ ಷರತ್ತುಗಳ ಮೇಲೆ ಅನುಮತಿ ನೀಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಮಹಿಳೆಯ ಒಪ್ಪಿಗೆಯನ್ನು ಆಧಾರವಾಗಿಟ್ಟು ಈ ಅವಕಾಶವನ್ನು ದೇಶದಾದ್ಯಂತ ವಿಸ್ತರಿಸಿದವು. ರಷ್ಯಾದಲ್ಲಿ 2000ನೆಯ ಇಸವಿಯ ಸರ್ಕಾರಿ ಪಟ್ಟಿಯೊಂದು 456 ಬಗೆಯ ಕೆಲಸಗಳನ್ನು ಮಹಿಳೆಯರಿಗೆ ನಿಷೇಧಿಸಿತ್ತು. 2021ರ ಜನವರಿಯಿಂದ ಅದು ಸುಮಾರು 100ಕ್ಕೆ ಇಳಿಯಿತು. ಆ ತಿಂಗಳೇ ಮಾಸ್ಕೋ ಮೆಟ್ರೊದಲ್ಲಿ ಮಹಿಳಾ ಚಾಲಕರು ರೈಲು ನಡೆಸತೊಡಗಿದರು. ಎರಡೂ ಕಡೆ ಬಾಗಿಲು ತೆರೆದುದು ಸ್ವಾಗತಾರ್ಹವೇ. ಆದರೆ ರಾತ್ರಿಪಾಳಿಯ ತಾಯಿಯ ಮಗುವನ್ನು ಯಾರು ಮಲಗಿಸಬೇಕು ಎಂಬುದಕ್ಕೆ ಈ ಕಾನೂನುಗಳಲ್ಲಿ ಸಂಪೂರ್ಣ ಉತ್ತರವಿಲ್ಲ.

'ಘಾಚರ್ ಘೋಚರ್': ಕಾವಲಿನ ದುಡಿಮೆ

ಉದಾರೀಕರಣದ ನಂತರದ ಬೆಂಗಳೂರಿನ ಮನೆಯನ್ನು ಸೂಕ್ಷ್ಮವಾಗಿ ನೋಡಿದ ಕೃತಿಗಳಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಮುಖ್ಯವಾದುದು. ಚಿಕ್ಕಪ್ಪನ ಸೋನಾ ಮಸಾಲಾ ವ್ಯವಹಾರದಿಂದ ದಿಢೀರನೆ ಸಿರಿವಂತವಾದ ಕುಟುಂಬದ ಕಥೆ ಇದು. ದುಡ್ಡು ಮನುಷ್ಯರನ್ನು ಕೆಡಿಸುವ ನೀತಿಕಥೆಯಾಗಿ ಇದನ್ನು ಓದುವುದು ರೂಢಿ. ಈ ಓದು ತಪ್ಪಲ್ಲವಾದರೂ ಕೃತಿಯ ಕೇಂದ್ರದಲ್ಲಿರುವ ಲಿಂಗಸಂಬಂಧದ ರಚನೆಯನ್ನು ಅದು ಮಸುಕಾಗಿಸುತ್ತದೆ.

ಈ ಮನೆಯಲ್ಲಿ ಗಳಿಸುವವನು ಒಬ್ಬನೇ. ನಿರೂಪಕ ಹೆಸರಿಗೆ ಮಾತ್ರ ವ್ಯವಹಾರದ ನಿರ್ದೇಶಕ. ಕೆಲಸ ಮಾಡದೆಯೇ ಅವನಿಗೆ ಸಂಬಳ ಸಲ್ಲುತ್ತದೆ. ಅವನ ತಾಯಿ, ಗಂಡನ ಮನೆ ಬಿಟ್ಟು ಬಂದ ಅಕ್ಕ ಮಾಲತಿ, ಹೆಂಡತಿ ಅನಿತಾ ಮೂವರಿಗೂ ಸ್ವಂತ ಆದಾಯವಿಲ್ಲ. ಹಾಗೆಂದು ತಾಯಿ, ಅಕ್ಕ ಕೆಲಸವಿಲ್ಲದೆ ಕೂತವರಲ್ಲ. ಚಿಕ್ಕಪ್ಪನ ಊಟ, ನಿದ್ದೆ, ಮನಸ್ಸಿನ ಏರುಪೇರುಗಳನ್ನು ಕಾಯುವುದೇ ಅವರ ನಿತ್ಯದ ದುಡಿಮೆ. ತಾನು ಮಾಡಿದ ಅಡುಗೆಯನ್ನು ಹೊತ್ತು ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಬಾಗಿಲಿನಿಂದಲೇ ಬೈದು ಅಟ್ಟುವವರು ಮನೆಯ ಹೆಂಗಸರೇ. ಗಂಡಸರು ಕೈಯೆತ್ತುವ ಅಗತ್ಯವೇ ಬೀಳುವುದಿಲ್ಲ. ಪೆತ್ರುಶೆವ್‌ಸ್ಕಯಾ ಅವರ ಅಜ್ಜಿ ಮಗಳನ್ನು ಹೊರಗಟ್ಟುವುದು ತುತ್ತಿನ ಕೊರತೆಯಿಂದ. ಇಲ್ಲಿನ ಹೆಂಗಸರು ಅಪರಿಚಿತೆಯನ್ನು ಅಟ್ಟುವುದು ತುತ್ತಿನ ಮೂಲ ಕೈತಪ್ಪೀತೆಂಬ ಭಯದಿಂದ. ಬಡತನದಲ್ಲಿಯೂ ಸಿರಿತನದಲ್ಲಿಯೂ ಹೆಣ್ಣಿನ ಬದುಕು ಇನ್ನೊಬ್ಬರ ಗಳಿಕೆಗೆ ಗಂಟುಬಿದ್ದಾಗ ಹುಟ್ಟುವ ಹಿಂಸೆ ಒಂದೇ ಜಾತಿಯದು.

ಅನಿತಾ ಈ ರಚನೆಗೆ ಒಗ್ಗದವಳು. ಗಂಡ ಸ್ವತಃ ದುಡಿಯಲಿ ಎಂಬುದು ಅವಳ ಸರಳ ಬೇಡಿಕೆ. ಅಪರಿಚಿತೆಗೆ ಆದ ಅವಮಾನವನ್ನು ಪ್ರಶ್ನಿಸುವವಳೂ ಅವಳೇ. ಆದರೆ ಅವಳ ಪ್ರಶ್ನೆಗೆ ಹಿಂಬಲವಾಗಿ ನಿಲ್ಲಲು ಅವಳದೇ ದುಡಿಮೆಯಿಲ್ಲ. ನೈತಿಕ ಧೈರ್ಯವೊಂದೇ ಇದೆ. ಕೃತಿ ಅವಳ ಗತಿಯನ್ನು ಹೇಳದೆ ಸೂಚಿಸುವ ಕ್ರಮದಲ್ಲಿ ಆ ಧೈರ್ಯ ಎಷ್ಟು ಒಂಟಿಯಾದುದು ಎಂಬುದು ಸ್ಪಷ್ಟವಾಗುತ್ತದೆ. ಇಲ್ಲಿ ಒಂದು ಮಿತಿಯನ್ನೂ ಗುರುತಿಸಬೇಕು. ಕಥನವೆಲ್ಲವೂ ನಿಷ್ಕ್ರಿಯ ಗಂಡಸೊಬ್ಬನ ಬಾಯಿಂದ ಬರುವುದರಿಂದ ಹೆಂಗಸರ ದುಡಿಮೆ ಅವನ ಕಣ್ಣಿಗೆ ಬಿದ್ದಷ್ಟೇ ಓದುಗರಿಗೆ ದಕ್ಕುತ್ತದೆ. ಅವರ ದಣಿವು ಕೃತಿಯೊಳಗೆ ಬರುವುದಿಲ್ಲ. ಇದು ಲೇಖಕರ ತಂತ್ರದ ಯಶಸ್ಸೂ ಹೌದು, ಆ ತಂತ್ರ ತೆತ್ತ ಬೆಲೆಯೂ ಹೌದು.

'ಕುದಿ ಎಸರು': ದುಡಿಮೆ ಕೊಟ್ಟದ್ದು, ಕೊಡದೆ ಹೋದದ್ದು

ಅನಿತಾಗೆ ಇಲ್ಲದಿದ್ದ ನೆಲೆಯನ್ನು ಕಟ್ಟಿಕೊಂಡ ಹೆಣ್ಣಿನ ಕಥನ ವಿಜಯಾ ಅವರ ಆತ್ಮಕಥೆ 'ಕುದಿ ಎಸರು'. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ ಬೆಂಗಳೂರಿನ ಪತ್ರಿಕೋದ್ಯಮ ಮತ್ತು ಮುದ್ರಣ ಕ್ಷೇತ್ರಗಳಲ್ಲಿ ಹೆಣ್ಣೊಬ್ಬಳು ಕಾಲೂರಿದ ಬಗೆಯ ದಾಖಲೆಯೂ ಆಗಿದೆ. ದಾಂಪತ್ಯದ ಹಿಂಸೆಯನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕನ್ನಡ ಓದುಗರು ಅದನ್ನು ಧೈರ್ಯದ ಕಥೆಯಾಗಿ ಸ್ವೀಕರಿಸಿದ್ದು ಸಹಜ. ಆದರೆ ಕೃತಿಯ ಶೀರ್ಷಿಕೆಯೇ ಒಲೆಯ ಮೇಲಿನ ಎಸರನ್ನು ಹಿಡಿದಿರುವುದು ವಿಮರ್ಶೆಯ ಗಮನಕ್ಕೆ ಬರಬೇಕು. ಹೊರಗಿನ ದುಡಿಮೆಯ ಕಥೆ ಹೇಳುವಾಗಲೂ ಲೇಖಕಿ ಒಲೆಯನ್ನು ಬಿಟ್ಟು ಹೇಳುವುದಿಲ್ಲ. ಸಂಬಳ ಅವರಿಗೆ ಹೊರಗೆ ನಿಲ್ಲುವ ಶಕ್ತಿ ಕೊಟ್ಟಿತು. ಮನೆಯೊಳಗಿನ ಹಿಂಸೆಯನ್ನು ತಾನಾಗಿಯೇ ನಿಲ್ಲಿಸಲಿಲ್ಲ.

ಆರ್ಥಿಕ ಸ್ವಾವಲಂಬನೆ ಎಂಬ ಮೊದಲ ನೆಲೆಯ ಬಲ ಮತ್ತು ಮಿತಿ ಎರಡನ್ನೂ ಈ ಕೃತಿ ಒಟ್ಟಿಗೆ ತೋರುತ್ತದೆ. ರಷ್ಯಾದ ಅನುಭವ ಇದನ್ನು ಇನ್ನೊಂದು ದಿಕ್ಕಿನಿಂದ ಖಚಿತಪಡಿಸುತ್ತದೆ. ತಲೆಮಾರುಗಳಿಂದ ಹೆಂಗಸರು ದುಡಿಯುತ್ತ ಬಂದ ಆ ಸಮಾಜದಲ್ಲಿಯೇ 2017ರಲ್ಲಿ, ಗಂಭೀರ ಗಾಯವಾಗದ ಮೊದಲ ಬಾರಿಯ ಕೌಟುಂಬಿಕ ಹೊಡೆತವನ್ನು ಅಪರಾಧದ ಪಟ್ಟಿಯಿಂದ ತೆಗೆದು ಆಡಳಿತಾತ್ಮಕ ತಪ್ಪಾಗಿ ಇಳಿಸಲಾಯಿತು. 2024ರ ನವೆಂಬರಿನಲ್ಲಿ ಮಕ್ಕಳು ಬೇಡವೆನ್ನುವ ಜೀವನಕ್ರಮದ ಪ್ರಚಾರವನ್ನು ನಿಷೇಧಿಸುವ ಕಾನೂನು ಬಂತು. ಕಾರ್ಖಾನೆಯ ಸಮಾನತೆ ಮನೆಯ ಹೊಸ್ತಿಲಿನಲ್ಲಿ ನಿಂತುಬಿಟ್ಟರೆ, ರಾಜಕೀಯ ಗಾಳಿ ತಿರುಗಿದಾಗ ಅದನ್ನು ಹಿಂದಕ್ಕೆ ಸರಿಸುವುದು ಕಷ್ಟವಲ್ಲ.

2016: ಎರಡು ಚರಿತ್ರೆಗಳ ಸಂಧಿ

2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ತೀರ್ಮಾನಿಸಿತು. ಫೆಬ್ರವರಿ 10ರ ಅಧಿಸೂಚನೆಯೊಂದು ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯದಂತೆ ನಿರ್ಬಂಧಿಸಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಪೊಲೀಸರ ಬಲಪ್ರಯೋಗವೂ ಕಲ್ಲುತೂರಾಟವೂ ನಡೆದವು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ಅಧಿಸೂಚನೆಯನ್ನು ಹಿಂಪಡೆಯಿತು.

ಈ ಪ್ರತಿಭಟನೆಯ ತರ್ಕ ಮನೆಯ ಲೆಕ್ಕದ್ದೇ ಆಗಿತ್ತು. ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಬೇಕಾದ ಹೆಣ್ಣಿಗೆ ಭವಿಷ್ಯ ನಿಧಿ ಎಂದರೆ ಮುಪ್ಪಿನ ಕಾಣಿಕೆಗಿಂತ ಹೆಚ್ಚಾಗಿ ಮಗುವಿನ ಶಾಲೆ, ತಾಯಿಯ ಆಸ್ಪತ್ರೆ, ಕೈಸಾಲದ ಬಿಡುಗಡೆ. ಒಂದು ಶತಮಾನದ ಹಿಂದೆ ಪೆಟ್ರೊಗ್ರಾಡಿನ ಜವಳಿ ಹೆಂಗಸರು ಬೀದಿಗಿಳಿದುದು ರೊಟ್ಟಿಯ ಸಲುವಾಗಿ ಎಂಬುದು ಇಲ್ಲಿ ನೆನಪಾಗುವುದು ಸಹಜ. ಎರಡೂ ಸಂದರ್ಭಗಳಲ್ಲಿ ಮನೆಯ ಖರ್ಚುವೆಚ್ಚವನ್ನು ಹೊರುವವರೇ ಪ್ರಭುತ್ವದ ಮುಂದೆ ಆ ಲೆಕ್ಕವನ್ನು ಇಟ್ಟರು. ಕನ್ನಡ ಕಥನ ಈ ಎರಡು ದಿನಗಳನ್ನು ಇನ್ನೂ ತಕ್ಕ ಗಾತ್ರದಲ್ಲಿ ಒಳಗು ಮಾಡಿಕೊಳ್ಳಬೇಕಾಗಿದೆ.

ರಾಜಕೀಯ ಪ್ರಾತಿನಿಧ್ಯದಲ್ಲಿ ಕರ್ನಾಟಕ ರಷ್ಯಾಕ್ಕಿಂತ ಭಿನ್ನ ದಾರಿ ಹಿಡಿದಿದೆ. 1983ರ ಕಾಯ್ದೆಯ ಶೇಕಡ 25ರ ಮೀಸಲಾತಿ 1987ರ ಚುನಾವಣೆಯಲ್ಲಿ ಮಹಿಳೆಯರನ್ನು ದೊಡ್ಡ ಸಂಖ್ಯೆಯಲ್ಲಿ ಸ್ಥಳೀಯ ಆಡಳಿತಕ್ಕೆ ತಂದಿತು; 2010ರಲ್ಲಿ ಆ ಪಾಲು ಅರ್ಧಕ್ಕೆ ಏರಿತು. ಆದರೆ ಮೀಸಲಾತಿಯಿಲ್ಲದ ವಿಧಾನಸಭೆಗೆ 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದು ಬಂದ ಮಹಿಳೆಯರು 10 ಮಂದಿ ಮಾತ್ರ. ಮೀಸಲಾತಿ ತೆಗೆದಾಗ ಏನಾಗುತ್ತದೆ ಎಂಬುದಕ್ಕೆ 1990ರ ರಷ್ಯಾ ಕೊಟ್ಟ ಉತ್ತರವೂ ಇದೇ.

ಹೆಸರಿಡುವ ಪ್ರಶ್ನೆ

2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿತು. 2025ರ ಜುಲೈ ಹೊತ್ತಿಗೆ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. 2023ರ ಆಗಸ್ಟ್ 30ರಂದು ಆರಂಭವಾದ 'ಗೃಹಲಕ್ಷ್ಮಿ' ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಯೋಜನೆ. ರಷ್ಯಾ 2007ರಲ್ಲಿ ತಂದ 'ಮಾತೃ ಬಂಡವಾಳ' ಹೆರಿಗೆಯ ಸಂಖ್ಯೆಗೆ ಕಟ್ಟಿದ ಹಣವಾಗಿತ್ತು. ಅದರ ಗುರಿ ಜನಸಂಖ್ಯೆ. 'ಗೃಹಲಕ್ಷ್ಮಿ'ಗೆ ಹೆರಿಗೆಯ ಷರತ್ತಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಕೈಗೆ ಬಂದ ಹಣ ಹೆಣ್ಣಿನ ಮಾತಿಗೆ ತೂಕ ಕೊಡುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು. ಆದರೆ ಭಾಷೆಯನ್ನು ವಿಮರ್ಶೆ ಬಿಡುವಂತಿಲ್ಲ. 'ಯಜಮಾನಿ' ಎಂಬ ಪದ ಒಡೆತನವನ್ನು ಸೂಚಿಸಿದರೆ 'ಗೃಹಲಕ್ಷ್ಮಿ' ಎಂಬ ಪದ ಅವಳನ್ನು ಮತ್ತೆ ಮನೆಯ ದೇವತೆಯ ಪೀಠಕ್ಕೆ ಏರಿಸುತ್ತದೆ. ದೇವತೆಗೆ ಕಾಣಿಕೆ ಸಲ್ಲುತ್ತದೆ, ಕೆಲಸ ಹಂಚಿಕೊಳ್ಳುವವರು ಸಿಗುವುದಿಲ್ಲ. 'ಶಕ್ತಿ' ಹೆಣ್ಣನ್ನು ಮನೆಯಿಂದ ಹೊರಕ್ಕೆ ಕರೆದರೆ 'ಗೃಹಲಕ್ಷ್ಮಿ' ಅವಳನ್ನು ಮನೆಯ ಹೆಸರಿನಲ್ಲಿ ಗುರುತಿಸುತ್ತದೆ. ಈ ಎರಡರ ನಡುವಿನ ಸೆಳೆತ ಇಂದಿನ ಕರ್ನಾಟಕದ ಹೆಣ್ಣಿನ ಸ್ಥಿತಿಯನ್ನು ಸರಿಯಾಗಿಯೇ ಸಾರುತ್ತದೆ.

ಬರಾನ್‌ಸ್ಕಯಾ ಅವರ ಕಥೆಯ ಪ್ರಶ್ನಾವಳಿಯನ್ನು ಭಾರತ ತನ್ನ ಪ್ರಜೆಗಳ ಮುಂದೆ ದೇಶವ್ಯಾಪಿಯಾಗಿ ಇಟ್ಟದ್ದು 2019ರಲ್ಲಿ. ಆ ವರ್ಷದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ತೊಡಗಿದ ಪುರುಷರು 97 ನಿಮಿಷ ವ್ಯಯಿಸಿದರು. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಹೆಣ್ಣಿನ ಹೊರೆ ಹತ್ತು ನಿಮಿಷ ಇಳಿದಿದೆ. ಆ ಹತ್ತು ನಿಮಿಷವನ್ನು ಗಂಡು ಎತ್ತಿಕೊಂಡಿಲ್ಲ, ಅವನ ಪಾಲೂ ಇಳಿದಿದೆ. ಉದಾರೀಕರಣದ ಮೂರು ದಶಕಗಳ ನಂತರದ ಸಮಾನತೆಯ ಸ್ಥಿತಿಯನ್ನು ಈ ನಾಲ್ಕು ಅಂಕಿಗಳು ಸಂಕ್ಷೇಪವಾಗಿ ಹೇಳುತ್ತವೆ.

ಕನ್ನಡ ವಿಮರ್ಶೆಯ ಎರಡು ನೆಲೆಗಳೂ ಇದರ ಬೆಳಕಿನಲ್ಲಿ ತಮ್ಮನ್ನು ಮರುಪರಿಶೀಲಿಸಿಕೊಳ್ಳಬೇಕಾಗುತ್ತದೆ. ಹೆಣ್ಣಿನ ಉದ್ಯೋಗವನ್ನು ಬಿಡುಗಡೆಯೆಂದು ಕೊಂಡಾಡುವ ಓದು ಅವಳ ಮನೆಯ ಹೊತ್ತನ್ನು ಲೆಕ್ಕಕ್ಕೆ ತರಬೇಕು. ಅಡುಗೆಮನೆಯನ್ನು ಸ್ತ್ರೀ ಸಂವೇದನೆಯ ನೆಲೆಯೆಂದು ಗೌರವಿಸುವ ಓದು ಅಲ್ಲಿ ದಣಿದವರಲ್ಲಿ ಹಲವರು ಆ ಮನೆಯವರೇ ಅಲ್ಲ ಎಂಬುದನ್ನು ಕಾಣಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಆರಂಭವಾದ 'ಕೂಸಿನ ಮನೆ'ಯಂಥ ಶಿಶುಪಾಲನಾ ಕೇಂದ್ರಗಳು ನಗರದ ಗಾರ್ಮೆಂಟ್ಸ್ ಹೆಂಗಸಿಗೂ ಮನೆಗೆಲಸದವಳಿಗೂ ದೊರೆಯುವುದು, ಗಂಡಸು ಒಲೆಯ ಮುಂದೆ ನಿಲ್ಲುವುದು ಇವು ನೀತಿಯ ಮತ್ತು ಕುಟುಂಬದ ಕೆಲಸಗಳು. ಸಾಹಿತ್ಯದ ಕೆಲಸ ಆ ಹೊತ್ತನ್ನು ಕಾಣುವಂತೆ ಮಾಡುವುದು. ಮಾಸ್ಕೋದ ಓಲ್ಗಾ ತುಂಬಿ ಮುಗಿಸಲು ಹೆಣಗಿದ ಪ್ರಶ್ನಾವಳಿಯನ್ನು ಕತ್ರಿಗುಪ್ಪೆಯ ಮೂವರು ಹೆಂಗಸರೂ ತಮ್ಮ ತಮ್ಮ ಮಾತಿನಲ್ಲಿ ತುಂಬಬಲ್ಲ ಕಥನ ಕನ್ನಡದಲ್ಲಿ ಬರಬೇಕಾಗಿದೆ. ಮೊದಲನೆಯವಳ ಕಥೆಯನ್ನು ಕನ್ನಡ ಸಾಕಷ್ಟು ಕೇಳಿದೆ, ಎರಡನೆಯವಳ ದನಿ ಬೀದಿಯಲ್ಲಿ ಕೇಳಿಸಿದೆ, ಮೂರನೆಯವಳ ಮಾತಿಗೆ ಇನ್ನೂ ಬಾಗಿಲು ತೆರೆಯಬೇಕಾಗಿದೆ.